ಹೊಸ ಬೋರಿನಲ್ಲಿ ಬಗ್ಗಡ ನೀರು ಬರುತ್ತಿದೆಯೇ? ಮೊದಲು ನಾಲ್ಕು ಬಾಟಲಿ ಹಿಡಿಯಿರಿ

ನಮ್ಮ ಮನೆ ತುಮಕೂರಿನ ಹೊರವಲಯದಲ್ಲಿದೆ. ಬೋರ್ ಹೊಡೆಸಿದ್ದು 480 ಅಡಿ. ಎರಡು ಇಂಚು ನೀರು ಬಿತ್ತು. ಖುಷಿಗೆ ಅಕ್ಕಪಕ್ಕದವರಿಗೆಲ್ಲ ಸಿಹಿ ಹಂಚಿದೆವು. ನಾಲ್ಕು ದಿನ ಬಿಟ್ಟು ಮೋಟರ್ ಇಳಿಸಿ ಸ್ವಿಚ್ ಹಾಕಿದರೆ ಬಂದದ್ದು ಬೂದಿ ಬಣ್ಣದ ಕಲಗಚ್ಚು. ಅಂಥ ನೀರನ್ನು ಹಸುವೂ ಮೂಸಿ ನೋಡುವುದಿಲ್ಲ.

‘ಹೊಸ ಬೋರು ಸಾರ್, ಒಂದು ತಿಂಗಳು ಹೀಗೇ’ ಅಂದರು ಮೋಟರ್ ಇಳಿಸಿದವರು. ಪಕ್ಕದ ಮನೆಯವರು ಪಟಿಕ ಹಾಕಿ ಅಂದರು. ನಾನು ಜಾಣತನ ಮಾಡಲು ಹೋಗಿ ಅಂಗಡಿಯಿಂದ ಕಾರ್ಟ್ರಿಡ್ಜ್ ಫಿಲ್ಟರ್ ತಂದು ಪೈಪಿಗೆ ಕೂರಿಸಿದೆ. ಬೆಳಿಗ್ಗೆ ಹಾಕಿದ್ದು ಸಂಜೆಗೆ ಕಟ್ಟಿಕೊಂಡಿತು. ಇನ್ನೊಂದು ತಂದೆ. ಅದೂ ಎರಡೇ ದಿನ ಬಾಳಿತು. ಹೀಗೆ ಮೂರು ವಾರ ಹೋಯಿತು, ದುಡ್ಡೂ ಹೋಯಿತು.

ಆಮೇಲೆ ಗೊತ್ತಾದದ್ದು ಇಷ್ಟು. ನೀರು ಯಾವ ಬಣ್ಣದಲ್ಲಿ ಬಗ್ಗಡ ಆಗಿದೆ ಅನ್ನುವುದು ಅರ್ಧ ಸುಳಿವು ಮಾತ್ರ. ಅದು ಯಾವ ಹೊತ್ತಿಗೆ ಬಗ್ಗಡ ಆಗುತ್ತದೆ ಅನ್ನುವುದೇ ಮುಖ್ಯ. ಮೋಟರ್ ಹಾಕಿದ ತಕ್ಷಣವೋ, ಅರ್ಧ ಗಂಟೆ ಆದ ಮೇಲೋ, ಮಳೆ ಬಂದ ಮರುದಿನವೋ, ಇಲ್ಲಾ ಬಕೆಟ್ಟಿನಲ್ಲಿ ಇಟ್ಟ ಮೇಲೋ? ಅದು ಗೊತ್ತಾಗುವ ತನಕ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಹೊಸ ಬೋರಿನ ನೀರು ಬಗ್ಗಡ ಏಕೆ?

ನಮ್ಮ ಕಡೆ ನೆಲದಡಿ ಇರುವುದು ಗಟ್ಟಿ ಕಲ್ಲು. ಬೋರ್ ಕೊರೆಯುವ ಗಾಡಿಯವರು ಅದನ್ನು ಕೊರೆಯುವುದು ಗಾಳಿಯ ಒತ್ತಡದಿಂದ. ಕಂಪ್ರೆಸರ್‌ನ ಗಾಳಿ ರಾಡುಗಳ ಒಳಗಿಂದ ಇಳಿದು ತುದಿಯ ಹ್ಯಾಮರನ್ನು ಕುಟ್ಟಿಸುತ್ತದೆ, ಅದರ ತುದಿಯ ಡ್ರಿಲ್ ಬಿಟ್ ಕಲ್ಲನ್ನು ಪುಡಿ ಮಾಡುತ್ತದೆ. ಅದೇ ಗಾಳಿ ಆ ಪುಡಿಯನ್ನು ಮೇಲಕ್ಕೆ ಊದುತ್ತದೆ. ಬೋರ್ ಹೊಡೆಯುವಾಗ ಇಡೀ ಬೀದಿ ಬೆಳ್ಳಗಾಗುತ್ತದಲ್ಲ, ಅದು ಈ ಪುಡಿಯೇ. ಆದರೆ ಎಲ್ಲವೂ ಮೇಲೆ ಬರುವುದಿಲ್ಲ. ನೀರು ಸಿಕ್ಕ ಮೇಲೆ ಪುಡಿ ಹಿಟ್ಟಿನಂತೆ ಕಲಸಿಕೊಂಡು ಬೋರಿನ ಗೋಡೆಗೆ ಮೆತ್ತಿಕೊಳ್ಳುತ್ತದೆ. ಸ್ವಲ್ಪ ನೀರಿನ ಸೆಲೆಗಳ ಒಳಕ್ಕೇ ತಳ್ಳಿಸಿಕೊಳ್ಳುತ್ತದೆ. ಉಳಿದದ್ದು ತಳದಲ್ಲಿ ಹೂಳಾಗಿ ಕೂರುತ್ತದೆ.

ಈ ಪುಡಿ ಹೊರಗೆ ಬರಲೇಬೇಕು. ಅದಕ್ಕೇ ಕೊರೆದು ಮುಗಿಸಿದ ಮೇಲೆ, ರಾಡು ಎತ್ತುವ ಮುಂಚೆ, ಗಾಳಿ ಬಿಟ್ಟು ಫ್ಲಶಿಂಗ್ ಮಾಡಬೇಕು. ಚೆನ್ನಾಗಿ ಫ್ಲಶ್ ಮಾಡಿದ ಕಲ್ಲಿನ ಬೋರು ಕೆಲವು ಗಂಟೆಯಿಂದ ಕೆಲವು ದಿನದಲ್ಲಿ ತಿಳಿಯಾಗುತ್ತದೆ. ರಾತ್ರಿ ಎರಡು ಗಂಟೆಗೆ ಗಾಡಿಯವರಿಗೆ ಇನ್ನೊಂದು ಪಾಯಿಂಟಿಗೆ ಹೋಗುವ ಆತುರ, ನಮಗೆ ನೀರು ಬಿದ್ದ ಸಂಭ್ರಮ. ಅಲ್ಲೇ ಎಡವಟ್ಟಾಗುವುದು. ನೀವಿನ್ನೂ ಬೋರ್ ಹೊಡೆಸಿಲ್ಲ ಅಂದರೆ ಇದೊಂದು ಮಾತು ನೆನಪಿಟ್ಟುಕೊಳ್ಳಿ: ನೀರು ತಿಳಿಯಾಗುವ ತನಕ ರಾಡು ಎತ್ತಿಸಬೇಡಿ. ಅದನ್ನು ದರ ಮಾತಾಡುವಾಗಲೇ ಹೇಳಿಬಿಡಿ.

ದಿನಾ ಎರಡು ಮೂರು ಗಂಟೆ ನೀರು ಹೊರಗೆ ಬಿಟ್ಟರೂ ಎರಡು ವಾರದಲ್ಲಿ ಏನೂ ಸುಧಾರಿಸಿಲ್ಲ ಅಂದರೆ ನಾನು ಅದನ್ನು ಹೊಸ ಬೋರಿನ ಸ್ವಭಾವ ಅನ್ನುವುದಿಲ್ಲ. ಎಲ್ಲೋ ದೋಷ ಇದೆ.

ಬಾಟಲಿ ಹಿಡಿಯುವುದು

ಒಂದು ಲೀಟರಿನ ಬಣ್ಣವಿಲ್ಲದ ನಾಲ್ಕು ಬಾಟಲಿ ಬೇಕು. ಲೇಬಲ್ ಕಿತ್ತು ತೊಳೆದಿಡಿ. ನೀರನ್ನು ಬೋರಿನ ಬಾಯಿಯ ಹತ್ತಿರವೇ ಹಿಡಿಯಬೇಕು. ಅಡುಗೆಮನೆಯ ನಲ್ಲಿಯಲ್ಲಿ ಹಿಡಿದರೆ ಸಂಪಿನ ಹೂಳು, ಟ್ಯಾಂಕಿನ ಪಾಚಿ, ಹೊಸ ಪ್ಲಂಬಿಂಗಿನ ಸಿಮೆಂಟು ಎಲ್ಲಾ ಸೇರಿ ಲೆಕ್ಕ ಕೆಡುತ್ತದೆ. ಬೋರಿನ ಹತ್ತಿರ ಒಂದು ನಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಮುಂದೆ ಹತ್ತು ವರ್ಷ ಉಪಯೋಗಕ್ಕೆ ಬರುತ್ತದೆ.

ರಾತ್ರಿಯೆಲ್ಲ ಮೋಟರ್ ಬಂದಾಗಿರಲಿ. ಬೆಳಿಗ್ಗೆ ಸ್ವಿಚ್ ಹಾಕಿದಾಗ ಬರುವ ಮೊದಲ ನೀರು ಒಂದನೇ ಬಾಟಲಿಗೆ. ಹತ್ತು ನಿಮಿಷಕ್ಕೆ ಎರಡನೆಯದು, ಅರ್ಧ ಗಂಟೆಗೆ ಮೂರನೆಯದು, ಒಂದು ಗಂಟೆಗೆ ನಾಲ್ಕನೆಯದು. ಬಾಟಲಿಯ ಮೇಲೆ ಹೊತ್ತು ಬರೆದಿಡಿ. ನಡುವೆ ಮೋಟರ್ ಆಫ್ ಮಾಡಬೇಡಿ. ಆಮೇಲೆ ನಾಲ್ಕನ್ನೂ ಒಂದು ನ್ಯೂಸ್‌ಪೇಪರಿನ ಮುಂದೆ ಸಾಲಾಗಿ ಇಟ್ಟು ಫೋಟೋ ತೆಗೆಯಿರಿ. ಯಾವ ಬಾಟಲಿಯ ಹಿಂದೆ ಅಕ್ಷರ ಓದಲು ಆಗುತ್ತದೆ, ಯಾವುದರ ಹಿಂದೆ ಆಗುವುದಿಲ್ಲ ಅಂತ ನೋಡಿ. ಐದು ನಿಮಿಷ, ಒಂದು ಗಂಟೆ, ಒಂದು ದಿನ ಬಿಟ್ಟು ಮತ್ತೆ ಫೋಟೋ ತೆಗೆಯಿರಿ. ಬಾಟಲಿಗಳನ್ನು ಅಲ್ಲಾಡಿಸಬೇಡಿ. ನಮ್ಮ ಮನೆಯಲ್ಲಿ ಮಗಳು ಅವನ್ನು ಎತ್ತಿ ಎತ್ತಿ ನೋಡಿ ಒಂದು ದಿನದ ಕೆಲಸ ಹಾಳು ಮಾಡಿದಳು.

ಹಾಲಿನಂತೆ ಬಿಳಿ, ಎರಡೇ ನಿಮಿಷದಲ್ಲಿ ತಿಳಿ

ಬಾಟಲಿಯಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಮಣ್ಣಲ್ಲ, ಗಾಳಿ. ಸಣ್ಣ ಗುಳ್ಳೆಗಳು ಮೇಲಕ್ಕೆ ಹೋಗುತ್ತವೆ, ಹಾಗಾಗಿ ತಳ ಮೊದಲು ತಿಳಿಯಾಗುತ್ತದೆ. ಮಣ್ಣಾದರೆ ಇದರ ಉಲ್ಟಾ, ಮೇಲಿನಿಂದ ಕೆಳಗೆ ತಿಳಿಯಾಗಿ ತಳದಲ್ಲಿ ಗಸಿ ಉಳಿಯುತ್ತದೆ. ಇಷ್ಟು ನೋಡದೆ ಫಿಲ್ಟರ್ ಹಾಕಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಗಾಳಿ ಕುಡಿಯಲು ಅಪಾಯವಲ್ಲ. ಆದರೆ ಎಲ್ಲಿಂದ ಬಂತು ಅನ್ನುವುದನ್ನು ನೋಡಬೇಕು. ಸ್ವಿಚ್ ಹಾಕಿದ ಮೊದಲ ನಿಮಿಷ ಮಾತ್ರ ಬುಸ್ ಬುಸ್ ಅಂದು ಆಮೇಲೆ ಸರಿಯಾದರೆ, ಮೋಟರ್ ಮೇಲಿನ ನಾನ್ ರಿಟರ್ನ್ ವಾಲ್ವ್ ನೀರು ಹಿಡಿದಿಡುತ್ತಿಲ್ಲ. ಮೋಟರ್ ನಿಂತಾಗ ಪೈಪಿನ ನೀರು ಕೆಳಗಿಳಿದು ಪೈಪ್ ಖಾಲಿಯಾಗುತ್ತದೆ. ಮತ್ತೆ ಹಾಕಿದಾಗ ಮೊದಲು ಬರುವುದು ಆ ಗಾಳಿ. ಅದರ ಬದಲು ಅರ್ಧ ಗಂಟೆ ಚೆನ್ನಾಗಿ ಬಂದು, ಆಮೇಲೆ ನೀರು ಕೆಮ್ಮುತ್ತಾ ಬಿಳಿಯಾದರೆ, ಬೋರಿನ ನೀರಿನ ಮಟ್ಟ ಮೋಟರ್ ತನಕ ಇಳಿದಿದೆ ಅಂತ ಅರ್ಥ. ಪ್ಯಾನಲ್ ಬೋರ್ಡಿನಲ್ಲಿ ಆಂಪಿಯರ್ ಮೀಟರ್ ಇದ್ದರೆ ಆಗ ಮುಳ್ಳು ಕೆಳಗೆ ಬಿದ್ದಿರುತ್ತದೆ. ತಕ್ಷಣ ನಿಲ್ಲಿಸಿ. ನೀರಿಲ್ಲದೆ ಓಡಿದರೆ ಮೋಟರ್ ಸುಟ್ಟುಹೋಗುತ್ತದೆ. ಡ್ರೈ ರನ್ ಕಟ್ ಆಗುವ ಸ್ಟಾರ್ಟರ್ ಹಾಕಿಸಿ, ಗೇಟ್‌ವಾಲ್ ಸ್ವಲ್ಪ ಮುಚ್ಚಿ ನೀರಿನ ಹರಿವು ಕಡಿಮೆ ಮಾಡಿ.

ನೀರು ಕಡಿಮೆ ಇರುವ ಬೋರಿಗೆ ಕಂಪ್ರೆಸರ್ ಪಂಪ್ ಹಾಕಿಸಿರುತ್ತಾರೆ. ಅದು ಗಾಳಿಯಿಂದಲೇ ನೀರು ಎತ್ತುವ ಯಂತ್ರ. ಅಲ್ಲಿ ಬಿಳಿ ನೀರು ಬರುವುದು ಸಹಜ, ತಲೆ ಕೆಡಿಸಿಕೊಳ್ಳಬೇಡಿ.

ಮೊದಲ ಬಾಟಲಿ ಬಗ್ಗಡ, ಉಳಿದವು ತಿಳಿ

ಇದು ಸಮಾಧಾನದ ಸುದ್ದಿ. ರಾತ್ರಿ ತಳಕ್ಕೆ ಕೂತ ಪುಡಿ ಮೋಟರ್ ಹಾಕಿದ ರಭಸಕ್ಕೆ ಎದ್ದು ಬರುತ್ತಿದೆ. ಬೋರು ತಾನಾಗಿಯೇ ತೊಳೆದುಕೊಳ್ಳುತ್ತಿದೆ. ಆ ಮೊದಲ ನೀರನ್ನು ಸಂಪಿಗೆ ಬಿಡಬೇಡಿ, ತೆಂಗಿನ ಬುಡಕ್ಕೆ ಬಿಡಿ. ಕೇಸಿಂಗ್, ಅಂದರೆ ಮೇಲಿನ ಮಣ್ಣು ಬೋರಿಗೆ ಕುಸಿಯದಂತೆ ಇಳಿಸುವ ಪೈಪು, ಕಬ್ಬಿಣದ್ದಾದರೆ ಈ ಮೊದಲ ನೀರು ತುಸು ಕೆಂಪಗಿರಬಹುದು. ಅದು ತುಕ್ಕು.

ಇಲ್ಲೊಂದು ತಪ್ಪು ಎಲ್ಲರೂ ಮಾಡುತ್ತಾರೆ. ಬಗ್ಗಡ ಬಂತು ಅಂತ ಆಫ್ ಮಾಡುವುದು, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡುವುದು, ಮತ್ತೆ ಆಫ್. ಪ್ರತಿ ಸಲ ಹಾಕಿದಾಗಲೂ ತಳದ ಹೂಳು ಕದಡುತ್ತದೆ. ಮೋಟರಿನ ಇಂಪೆಲ್ಲರ್ ಮತ್ತು ಬುಷ್‌ಗಳಿಗೆ ಈ ಕಲ್ಲಿನ ಪುಡಿ ಮರಳು ಕಾಗದ ಇದ್ದ ಹಾಗೆ. ಒಂದು ಸಲ ಹಾಕಿದರೆ ನಿಧಾನವಾಗಿ, ತುಂಬಾ ಹೊತ್ತು ಓಡಿಸಿ.

ನಾಲ್ಕೂ ಬಾಟಲಿ ಒಂದೇ ಸಮ ಬಗ್ಗಡ

ನಮ್ಮ ಮನೆಯದ್ದು ಇದೇ. ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು.

ಮೊದಲು ಗಸಿಯನ್ನು ನೋಡಿ. ಬಾಟಲಿಯ ನೀರು ಬಸಿದು ತಳದಲ್ಲಿ ಉಳಿದದ್ದನ್ನು ಎರಡು ಬೆರಳ ನಡುವೆ ಉಜ್ಜಿ. ಚರಚರ ಅಂದರೆ ಮರಳು ಅಥವಾ ಕಲ್ಲಿನ ಪುಡಿ. ಅದು ನಿಮಿಷಗಳಲ್ಲೋ ಒಂದೆರಡು ಗಂಟೆಯಲ್ಲೋ ತಳಕ್ಕೆ ಕೂರುತ್ತದೆ. ಪೌಡರಿನ ಹಾಗೆ ನುಣುಪಾಗಿ ಜಾರಿದರೆ ಜೇಡಿ. ಅದು ಒಂದು ದಿನ ಇಟ್ಟರೂ ಪೂರ್ತಿ ಕೂರುವುದಿಲ್ಲ. ಪುಡಿ ಬಂದರೆ ಬೋರ್ ಇನ್ನೂ ತೊಳೆದಿಲ್ಲ, ಇಲ್ಲಾ ಮೋಟರ್ ಹೂಳಿನ ಹತ್ತಿರ ಕೂತಿದೆ. ಜೇಡಿ ಬಂದರೆ ಕೇಸಿಂಗ್ ಕಡೆ ಅನುಮಾನ ಪಡಿ.

ನಮ್ಮದು ಬೂದಿ ಬಣ್ಣ, ಚರಚರ. ಹಾಗಾದರೆ ಎಷ್ಟು ನೀರು ತೆಗೆದರೆ ಬೋರ್ ಒಂದು ಸಲ ತೊಳೆದಂತೆ? ಲೆಕ್ಕ ಸುಲಭ. ಆರೂವರೆ ಇಂಚಿನ ಬೋರಿನಲ್ಲಿ ಒಂದು ಅಡಿಗೆ ಸುಮಾರು ಆರೂವರೆ ಲೀಟರ್ ನೀರು ನಿಲ್ಲುತ್ತದೆ. ನಮ್ಮ ಬೋರಿನಲ್ಲಿ ನೀರು 150 ಅಡಿಗೆ ನಿಂತಿತ್ತು. 480ರಲ್ಲಿ 150 ಕಳೆದರೆ 330 ಅಡಿ. ಅಂದರೆ ಸುಮಾರು 2,145 ಲೀಟರ್. 15 ಲೀಟರಿನ ಬಕೆಟ್ 20 ಸೆಕೆಂಡಿಗೆ ತುಂಬುತ್ತಿತ್ತು, ನಿಮಿಷಕ್ಕೆ 45 ಲೀಟರ್. ಸುಮಾರು 48 ನಿಮಿಷ ಓಡಿಸಿದರೆ ನಿಂತ ನೀರಿನಷ್ಟು ನೀರು ಒಂದು ಸಲ ಹೊರಗೆ ಬಂದ ಲೆಕ್ಕ. ಮೂರು ವಾರದಲ್ಲಿ ನಾನು ಅದರ ಹತ್ತಾರು ಪಟ್ಟು ನೀರು ಹೊರಗೆ ಬಿಟ್ಟಿದ್ದೆ. ಆದರೂ ಮೊದಲ ದಿನದ ಬಾಟಲಿಗೂ ಕೊನೆಯ ದಿನದ ಬಾಟಲಿಗೂ ಏನೂ ವ್ಯತ್ಯಾಸ ಇರಲಿಲ್ಲ. ಅಂದರೆ ತೊಳೆಯುವುದು ಸಾಲದೆ ಹೀಗಾಗಿಲ್ಲ, ಮೋಟರ್ ಎಲ್ಲೋ ಹೂಳನ್ನೇ ಕುಡಿಯುತ್ತಿದೆ.

ಮೋಟರ್ ಮೇಲೆತ್ತಿಸಿದೆವು. ಗಟ್ಟಿ ಹಗ್ಗಕ್ಕೆ ಒಂದು ಕಬ್ಬಿಣದ ತುಂಡು ಕಟ್ಟಿ ಬೋರಿಗೆ ಇಳಿಸಿದೆವು. ಇದನ್ನು ಮೋಟರ್ ಒಳಗಿರುವಾಗ ಮಾಡಬೇಡಿ, ಕೇಬಲ್ಲಿಗೆ ಸುತ್ತಿಕೊಂಡರೆ ಎರಡೂ ಮೇಲೆ ಬರುವುದಿಲ್ಲ. ಹಗ್ಗ 466 ಅಡಿಗೆ ಸಡಿಲವಾಯಿತು. ಕೊರೆದದ್ದು 480. ಅಂದರೆ ತಳದಲ್ಲಿ 14 ಅಡಿ ಹೂಳು. ಮೋಟರ್ ಕೂತಿದ್ದು 460 ಅಡಿಯಲ್ಲಿ! ಹೂಳಿಗೂ ಮೋಟರಿಗೂ ಆರೇ ಅಡಿ ಅಂತರ.

ತಪ್ಪು ನನ್ನದೇ. ‘ಆಳಕ್ಕೆ ಬಿಡಿ, ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಕಷ್ಟ’ ಅಂತ ಹಟ ಮಾಡಿ ಅಷ್ಟು ಕೆಳಗೆ ಇಳಿಸಿದ್ದೆ. ಆಳಕ್ಕೆ ಬಿಟ್ಟಷ್ಟೂ ನೀರು ಜಾಸ್ತಿ ಅನ್ನುವುದು ನಮ್ಮೂರಿನ ಎಲ್ಲರ ನಂಬಿಕೆ. ಆದರೆ ಮೋಟರ್ ತಳದ ಹೂಳಿನಿಂದ 20-30 ಅಡಿಯಾದರೂ ಮೇಲೆ ಇರಬೇಕು. ನಾವು ಎರಡು ಪೈಪ್ ಬಿಚ್ಚಿ 40 ಅಡಿ ಮೇಲಕ್ಕೆ, 420 ಅಡಿಗೆ ಇಟ್ಟೆವು. ಇಳಿಸುವ ಮುಂಚೆ ಟ್ರಾಕ್ಟರ್ ಕಂಪ್ರೆಸರಿನವರನ್ನು ಕರೆಸಿ ಒಂದು ಗಂಟೆ ಗಾಳಿ ಹೊಡೆಸಿದೆವು. ಮೊದಲು ಬೂದಿ ಬಣ್ಣದ ಗಂಜಿ ಬಂತು, ಆಮೇಲೆ ಕಲಗಚ್ಚು, ಕೊನೆಗೆ ನೀರು. ನಾಲ್ಕನೇ ದಿನಕ್ಕೆ ಬಾಟಲಿಯ ಹಿಂದಿನ ಅಕ್ಷರ ಓದಲು ಬಂತು.

ಮೋಟರ್ ಎತ್ತಿಸುವ ಮುಂಚೆ ಇನ್ನೊಂದು ಉಪಾಯ ಮಾಡಿ ನೋಡಬಹುದು. ಖರ್ಚಿಲ್ಲ, ತಾಳ್ಮೆ ಬೇಕು ಅಷ್ಟೇ. ಗೇಟ್‌ವಾಲ್ ಕಾಲು ಭಾಗ ಮಾತ್ರ ತೆರೆದು ಮೋಟರ್ ಹಾಕಿ. ನೀರು ತಿಳಿಯಾಗುವ ತನಕ ಬಿಡಿ. ಆಮೇಲೆ ಅರ್ಧಕ್ಕೆ ತೆರೆಯಿರಿ. ಮತ್ತೆ ಬಗ್ಗಡ ಬರುತ್ತದೆ, ಗಾಬರಿ ಬೇಡ. ತಿಳಿಯಾಗಲು ಬಿಡಿ. ಹೀಗೇ ಮುಕ್ಕಾಲು, ಪೂರ್ತಿ. ಪೂರ್ತಿ ತೆರೆದು ತಿಳಿ ನೀರು ಬಂದ ಮೇಲೆ ದಿನಬಳಕೆಗೆ ವಾಲ್ವನ್ನು ಸ್ವಲ್ಪ ಮುಚ್ಚಿಯೇ ಇಡಿ. ಜೋರಾಗಿ ಎಳೆದಾಗ ಬರುವ ಪುಡಿ ನಿಧಾನವಾಗಿ ಎಳೆದಾಗ ಎದ್ದು ಬರುವುದಿಲ್ಲ. ಆದರೆ ವಾಲ್ವನ್ನು ಯಾವತ್ತೂ ಪೂರ್ತಿ ಮುಚ್ಚಿ ಓಡಿಸಬೇಡಿ, ಮೋಟರ್ ಬಿಸಿಯಾಗುತ್ತದೆ.

ಪುತ್ತೂರಿನ ಹಾಲು ಬೋರು

ನಮ್ಮ ಅಕ್ಕನನ್ನು ಕೊಟ್ಟಿರುವುದು ಪುತ್ತೂರಿನ ಕಡೆಗೆ. ನಮ್ಮ ಬೋರಿನ ಕತೆ ಕೇಳಿ ಭಾವ ಫೋನ್ ಮಾಡಿದರು. ‘ನಿನ್ನದು ಬೂದಿ ಅಲ್ವಾ, ನಮ್ಮದರಲ್ಲಿ ಹಾಲೇ ಬರ್ತಾ ಉಂಟು ಮಾರಾಯ’ ಅಂದರು. ಅವರಿಗೂ ಬಾಟಲಿ ಹಿಡಿಯಲು ಹೇಳಿದೆ. ನಾಲ್ಕೂ ಬಿಳಿ. ಒಂದು ದಿನ ಇಟ್ಟರೂ ಬಿಳಿ. ಕೈಗೆ ನುಣುಪು.

ಕರಾವಳಿಯಲ್ಲಿ ಮೇಲಿರುವುದು ಮುರಕಲ್ಲು. ಅದರ ಕೆಳಗೆ ಶೇಡಿ ಮಣ್ಣು. ಬಿಳಿ, ಹಳದಿ, ನಸುಗೆಂಪು ಬಣ್ಣದ ಮೆತ್ತನೆಯ ಜೇಡಿ ಅದು. ಒಣಗಿದಾಗ ಗಟ್ಟಿ, ನೀರು ಸೋಕಿದರೆ ಬೆಣ್ಣೆ. ಅದರ ಕೆಳಗೆ ಕರಿಕಲ್ಲು. ಬೋರಿನ ಕೇಸಿಂಗ್ ಈ ಶೇಡಿಯನ್ನು ಪೂರ್ತಿ ದಾಟಿ ಗಟ್ಟಿ ಕಲ್ಲಿನ ಒಳಗೆ ಒಂದೆರಡು ಅಡಿಯಾದರೂ ಕೂರಬೇಕು. ಅರ್ಧಕ್ಕೆ ನಿಂತರೆ, ಅಥವಾ ಕಲ್ಲಿನ ಮೇಲೆ ಸುಮ್ಮನೆ ತಾಗಿಸಿ ಬಿಟ್ಟರೆ, ಸಂದಿನಿಂದ ಶೇಡಿ ಕರಗಿ ಬೋರಿಗೆ ಇಳಿಯುತ್ತಲೇ ಇರುತ್ತದೆ. ಕೇಸಿಂಗಿಗೆ ಅಡಿ ಲೆಕ್ಕದಲ್ಲಿ ದುಡ್ಡು ಕೊಡಬೇಕು, ಹಾಗಾಗಿ ಒಂದು ಪೈಪ್ ಉಳಿಸೋಣ ಅಂತ ಮನೆಯವರಿಗೇ ಅನಿಸುವುದೂ ಉಂಟು. ಬಯಲುಸೀಮೆಯಲ್ಲಿ ಶೇಡಿ ಇಲ್ಲದಿದ್ದರೂ ಮೇಲಿನ ಮಣ್ಣು ಮತ್ತು ಕೊಳೆತ ಕಲ್ಲಿನ ಪದರ ಇದ್ದೇ ಇದೆ. ಅಲ್ಲೂ ಇದೇ ಮಾತು.

ಇಂಥ ಬೋರನ್ನು ಎಷ್ಟು ಫ್ಲಶ್ ಮಾಡಿದರೂ ಪ್ರಯೋಜನವಿಲ್ಲ. ಜಾಸ್ತಿ ಗಾಳಿ ಹೊಡೆದರೆ ಶೇಡಿ ಇನ್ನೂ ಕುಸಿಯುತ್ತದೆ. ಮೋಟರ್ ಎತ್ತಿಸಿ, ಒಳಗೆ ನೋಡಬೇಕು. ಅದಕ್ಕೆ ಹಳೇ ಉಪಾಯ ಕನ್ನಡಿ. ಬಿಸಿಲು ಚೆನ್ನಾಗಿರುವಾಗ ಕನ್ನಡಿಯಿಂದ ಬೆಳಕನ್ನು ಬೋರಿನ ಒಳಕ್ಕೆ ಬಿಟ್ಟರೆ ನೀರಿನ ಮಟ್ಟದ ತನಕ ಕೇಸಿಂಗಿನ ಜಾಯಿಂಟುಗಳು, ಒಸರುವ ಜಾಗ ಕಾಣುತ್ತವೆ. ಭಾವ ಹಾಗೆ ನೋಡಿದಾಗ ಕೇಸಿಂಗ್ ಮುಗಿಯುವಲ್ಲಿ ಬಿಳಿ ಗೆರೆ ಇಳಿಯುತ್ತಿದ್ದದ್ದು ಕಂಡಿತು. ಆಳದ್ದು ಗೊತ್ತಾಗಬೇಕಾದರೆ ಬೋರಿಗೆ ಕ್ಯಾಮೆರಾ ಇಳಿಸಿ ತೋರಿಸುವವರು ಈಗ ಸಿಗುತ್ತಾರೆ.

ಪರಿಹಾರ ಅಂದರೆ ಒಳ ಕೇಸಿಂಗ್. ಇರುವ ಕೇಸಿಂಗಿನ ಒಳಗೆ ಸಣ್ಣ ಪಿವಿಸಿ ಪೈಪನ್ನು ಗಟ್ಟಿ ಕಲ್ಲು ಸಿಗುವ ತನಕ ಇಳಿಸಿ, ಕೆಳತುದಿಯಲ್ಲಿ ರಬ್ಬರ್ ಸೀಲ್ ಕೂರಿಸಿ, ಎರಡು ಪೈಪುಗಳ ನಡುವಿನ ಸಂದಿಗೆ ಸಿಮೆಂಟು ಹಾಲು ತುಂಬಿಸುವುದು. ಹೀಗೆ ಮಾಡುವ ಮುಂಚೆ ಮೋಟರಿನ ಅಳತೆ ನೋಡಿಕೊಳ್ಳಿ. ಮನೆಗೆ ಹಾಕುವ ನಾಲ್ಕು ಇಂಚಿನ ಮೋಟರ್ ಐದು ಇಂಚಿನ ಒಳ ಅಳತೆಯ ಪೈಪಿನಲ್ಲಿ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಮೋಟರ್ ಇದ್ದರೆ ಬದಲಾಯಿಸಬೇಕಾದೀತು. ಭಾವನಿಗೆ ಖರ್ಚು ಬಂತು, ಬೈದುಕೊಂಡರು, ಮಾಡಿಸಿದರು. ಹತ್ತು ದಿನಕ್ಕೆ ಹಾಲು ನಿಂತಿತು.

ಮೊದಲು ತಿಳಿ, ಆಮೇಲೆ ಬಗ್ಗಡ

ಒಂದು, ಎರಡನೇ ಬಾಟಲಿ ತಿಳಿ, ಮೂರು ನಾಲ್ಕನೆಯದು ಬಗ್ಗಡ. ನೀರಿನ ಮಟ್ಟ ಇಳಿದಂತೆ ಬೋರಿನ ಒಳಗೆ ಏನೋ ಬದಲಾಗುತ್ತಿದೆ. ಮೇಲಿನ ಸೆಲೆಯೊಂದು ನೀರಿನ ಮಟ್ಟಕ್ಕಿಂತ ಮೇಲೆ ಉಳಿದು, ಅಲ್ಲಿಂದ ನೀರು ಜಲಪಾತದ ಹಾಗೆ ಗೋಡೆ ತೊಳೆಯುತ್ತಾ ಬೀಳುತ್ತಿರಬಹುದು. ಕೇಸಿಂಗಿನ ಬಾಯಿಗೆ ಕಿವಿ ಇಟ್ಟು ಕೇಳಿ, ಸದ್ದು ಚೆನ್ನಾಗಿ ಕೇಳುತ್ತದೆ. ಅಥವಾ ಮಣ್ಣು ತುಂಬಿದ ಸೆಲೆಯೊಂದು ಜೋರಾಗಿ ಎಳೆದಾಗ ಮಾತ್ರ ಮಣ್ಣು ಬಿಡುತ್ತಿರಬಹುದು. ಎರಡಕ್ಕೂ ಮೊದಲ ಮದ್ದು ಒಂದೇ. ಕಡಿಮೆ ಎಳೆಯಿರಿ. ಒಂದೇ ಸಲ ಎರಡು ಗಂಟೆ ಬದಲು ಬೆಳಿಗ್ಗೆ 25 ನಿಮಿಷ, ಮಧ್ಯಾಹ್ನ 25, ಸಂಜೆ 25, ಅದೂ ವಾಲ್ವ್ ಅರ್ಧ ತೆರೆದು. ಮೊದಲು ಆನ್ ಆಫ್ ಮಾಡಬೇಡಿ ಅಂದೆನಲ್ಲ, ಅದು ಹೂಳು ತುಂಬಿದ ಬೋರಿಗೆ. ಇಲ್ಲಿ ತಳ ಸ್ವಚ್ಛ ಇದೆ ಅಂತ ಮೊದಲ ಬಾಟಲಿಯೇ ಹೇಳಿದೆ. ಹೆಚ್ಚು ಎಚ್‌ಪಿಯ ಮೋಟರ್ ಹಾಕಿಸಿಕೊಂಡವರಿಗೆ ಈ ತೊಂದರೆ ಜಾಸ್ತಿ.

ಮಳೆ ಬಂದ ಮರುದಿನ ಕೆಂಪು

ತಿಂಗಳುಗಟ್ಟಲೆ ತಿಳಿ ಇದ್ದ ನೀರು ಒಂದು ದೊಡ್ಡ ಮಳೆಗೆ ಕೆಂಪಾದರೆ ಮೇಲಿನ ನೀರು ನೇರವಾಗಿ ಒಳಗೆ ಹೋಗುತ್ತಿದೆ. ಈ ಬಗ್ಗಡವನ್ನು ನಾನು ಎಲ್ಲಕ್ಕಿಂತ ಕೆಟ್ಟದ್ದು ಅನ್ನುತ್ತೇನೆ. ಮಣ್ಣಿನ ಜೊತೆ ಕೊಟ್ಟಿಗೆಯ ಗಂಜಲ, ಚರಂಡಿ, ಶೌಚಾಲಯದ ಪಿಟ್ಟಿನ ನೀರು ಎಲ್ಲಾ ಬರುತ್ತದೆ. ಸರಿಯಾಗುವ ತನಕ ಆ ನೀರು ಕುಡಿಯಬೇಡಿ.

ಕೇಸಿಂಗಿನ ಸುತ್ತ ನೋಡಿ. ಕೊರೆದ ತೂತು ದೊಡ್ಡದು, ಪೈಪ್ ಸಣ್ಣದು, ಸುತ್ತ ಸಂದು ಇರುತ್ತದೆ. ಅದಕ್ಕೆ ಗಾಡಿಯವರು ಕೊರೆದ ಪುಡಿಯನ್ನೇ ತಳ್ಳಿ ಹೋಗಿರುತ್ತಾರೆ. ಮಳೆಗೆ ಅದು ಕುಸಿದು ಗುಂಡಿ ಬೀಳುತ್ತದೆ. ಆ ಸಡಿಲ ಪುಡಿ ತೆಗೆದು ಆಗುವಷ್ಟು ಆಳಕ್ಕೆ ಸಿಮೆಂಟು ತುಂಬಿ, ಮೇಲೆ ಕಟ್ಟೆ ಕಟ್ಟಿಸಿ. ತೆರೆದ ಬೋರಿಗೆ ಮಕ್ಕಳು ಬೀಳುವುದನ್ನು ತಡೆಯಲು ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಸೂಚನೆಗಳಲ್ಲೂ ಈ ಕಟ್ಟೆ ಇದೆ: ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ನೆಲದ ಮೇಲೆ 30 ಸೆಂಟಿಮೀಟರ್, ಕೆಳಗೆ 30 ಸೆಂಟಿಮೀಟರ್. ಮಕ್ಕಳಿಗಾಗಿ ಹೇಳಿದ್ದು ನೀರಿಗೂ ಒಳ್ಳೆಯದು. ಕೇಸಿಂಗ್ ಆ ಕಟ್ಟೆಗಿಂತ ಮೇಲೆ ಬಂದಿರಬೇಕು, ಬಾಯಿಗೆ ಬಿಗಿಯಾದ ಕ್ಯಾಪ್ ಇರಬೇಕು. ಕಾರ್ ನಿಲ್ಲಿಸಲು ಅಡ್ಡ ಅಂತ ಕೇಸಿಂಗ್ ಕುಯ್ದು ನೆಲಸಮ ಮಾಡಿ ಚಪ್ಪಡಿ ಮುಚ್ಚಿದವರನ್ನು ನೋಡಿದ್ದೇನೆ. ಮೊದಲ ಮಳೆಗೇ ಅನುಭವಿಸುತ್ತಾರೆ.

ಹಿಡಿದಾಗ ತಿಳಿ, ಇಟ್ಟ ಮೇಲೆ ಹಳದಿ

ಇದು ಮಣ್ಣಲ್ಲ, ಕಬ್ಬಿಣ. ಕರಾವಳಿ, ಮಲೆನಾಡಿನವರಿಗೆ ಇದರ ಪರಿಚಯ ಚೆನ್ನಾಗಿದೆ. ಆಳದ ನೀರಿನಲ್ಲಿ ಕರಗಿದ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ. ಗಾಳಿ ತಾಗಿದ ಮೇಲೆ ತುಕ್ಕಾಗಿ, ಮೊದಲು ಮಸುಕು, ಆಮೇಲೆ ಹಳದಿ, ಕೊನೆಗೆ ಕೆಂಪು ಗಸಿ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಿಳಿ ಬಟ್ಟೆಗೆ ಕಲೆ ಹಿಡಿಯಲು ಶುರು. ಮನೆಯಲ್ಲೇ ನೋಡಬೇಕಾದರೆ ಸೀಬೆ ಎಲೆ ಜಜ್ಜಿ ನೀರಿಗೆ ಹಾಕಿ. ಕಬ್ಬಿಣ ಇದ್ದರೆ ನೀರು ಕಪ್ಪು ನೇರಳೆಗೆ ತಿರುಗುತ್ತದೆ. ಗಟ್ಟಿ ಟೀ ಡಿಕಾಕ್ಷನ್ ಹಾಕಿದರೂ ಹಾಗೇ.

ನೀರಿನ ಮೇಲೆ ಎಣ್ಣೆಯ ಹಾಗೆ ಬಣ್ಣದ ಪೊರೆ ಕಟ್ಟಿದರೆ ಗಾಡಿಯ ಆಯಿಲ್ ಅಂತ ಹೆದರಬೇಡಿ. ಕಡ್ಡಿಯಿಂದ ಚುಚ್ಚಿ. ಗಾಜಿನ ಹಾಗೆ ಚೂರಾಗಿ ಹಾಗೇ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ ಕಟ್ಟಿದ ಪೊರೆ. ಮತ್ತೆ ಕೂಡಿಕೊಂಡರೆ ನಿಜವಾಗಿಯೂ ಎಣ್ಣೆ. ಕಬ್ಬಿಣಕ್ಕೆ ಮದ್ದು ಗಾಳಿಯೇ. ಟ್ಯಾಂಕಿಗೆ ಬೀಳುವ ನೀರನ್ನು ಶವರಿನ ಹಾಗೆ ಹನಿಹನಿಯಾಗಿ ಬೀಳಿಸಿ, ಆಮೇಲೆ ಮರಳಿನ ಫಿಲ್ಟರ್ ದಾಟಿಸಿದರೆ ಬಹಳಷ್ಟು ಹೋಗುತ್ತದೆ.

ಇನ್ನೊಂದು ಬಗೆಯಿದೆ. ತಣ್ಣೀರು ತಿಳಿ, ಕಾಯಿಸಿದರೆ ಬಿಳಿ ಪುಡಿ. ಆ ಪುಡಿಗೆ ನಿಂಬೆರಸ ಹಿಂಡಿ, ನೊರೆ ಬಂದು ಕರಗಿದರೆ ಸುಣ್ಣ. ಅಂದರೆ ಗಡಸು ನೀರು. ಬೋರಿನಲ್ಲಿ ದೋಷ ಇಲ್ಲ.

ಫಿಲ್ಟರ್ ಮತ್ತು ಪಟಿಕದ ವಿಚಾರ

ಕಾರಣ ಸರಿ ಮಾಡಿದ ಮೇಲೂ ತುಸು ಮಸುಕು ಉಳಿದರೆ ಆಗ ಫಿಲ್ಟರ್. ಮೊದಲು ಹಿಂದಕ್ಕೆ ತೊಳೆಯಲು ಬರುವ ಮರಳಿನ ಫಿಲ್ಟರ್, ಆಮೇಲೆ 20 ಮೈಕ್ರಾನ್ ಕಾರ್ಟ್ರಿಡ್ಜ್, ಕೊನೆಗೆ ಇನ್ನೂ ಸಣ್ಣ ತೂತಿನ 5 ಮೈಕ್ರಾನ್. ನೇರವಾಗಿ 5 ಹಾಕಿದರೆ ನನ್ನ ಹಾಗೆ ದಿನಾ ಅಂಗಡಿಗೆ ಓಡಬೇಕು. ಬಗ್ಗಡ ನೀರನ್ನು ಆರ್‌ಒಗೆ ಬಿಟ್ಟರೆ ಮೆಂಬ್ರೇನ್ ಹಾಳು. ಯುವಿ ದೀಪಕ್ಕೆ ಬಿಟ್ಟರೆ ಬೆಳಕು ಮಣ್ಣಿನ ಕಣದ ಹಿಂದೆ ಅಡಗಿದ ಕ್ರಿಮಿಗೆ ತಲುಪುವುದಿಲ್ಲ.

ಜೇಡಿಯ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಅದಕ್ಕೇ ಅವು ತಳಕ್ಕೆ ಕೂರುವುದಿಲ್ಲ. ಪಟಿಕ ಆ ತಳ್ಳುವಿಕೆಯನ್ನು ತೆಗೆದು ಗಂಟು ಕಟ್ಟಿಸುತ್ತದೆ. ಸಾವಿರ ಲೀಟರಿಗೆ 20ರಿಂದ 50 ಗ್ರಾಂ ಸಾಕು. ಹಿಂದೆ ಹಳ್ಳಿಗಳಲ್ಲಿ ಚಿಲ್ಲದ ಬೀಜವನ್ನು ಕೊಡದ ಒಳಗೆ ತೇಯ್ದು ನೀರು ತಿಳಿ ಮಾಡುತ್ತಿದ್ದರು. ನುಗ್ಗೆ ಬೀಜವೂ ಅದೇ ಕೆಲಸ ಮಾಡುತ್ತದೆ. ಇವೆಲ್ಲ ಟ್ಯಾಂಕಿನ ನೀರಿಗೆ. ಬೋರಿನ ಒಳಗೆ ಪಟಿಕ ಸುರಿಯುವವರಿದ್ದಾರೆ, ಅದು ಹೂಳನ್ನು ಇನ್ನೂ ಜಾಸ್ತಿ ಮಾಡುತ್ತದೆ ಅಷ್ಟೇ.

ತಿಳಿಯಾದ ಮೇಲೆ

ಕೊರೆಯುವಾಗ ರಾಡು, ಪೈಪು, ಕೈ ಎಲ್ಲದರಿಂದ ಕ್ರಿಮಿ ಒಳಗೆ ಹೋಗಿರುತ್ತದೆ. ಒಂದು ಸಲ ಬ್ಲೀಚಿಂಗ್ ಪೌಡರ್ ಹಾಕಬೇಕು. ಬಗ್ಗಡ ಇರುವಾಗ ಹಾಕಿದರೆ ಕ್ಲೋರಿನ್ ಮಣ್ಣಿಗೇ ಖರ್ಚಾಗುತ್ತದೆ, ಅದಕ್ಕೇ ಇದನ್ನು ಕೊನೆಗೆ ಇಟ್ಟೆ. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಲೆಕ್ಕ ಹಿಡಿದರೆ, ನಮ್ಮ 2,145 ಲೀಟರಿಗೆ 25 ಪರ್ಸೆಂಟಿನ ಪೌಡರ್ ಸುಮಾರು 430 ಗ್ರಾಂ. ಗಾಳಿಯಾಡುವ ಕಡೆ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬೋರಿಗೆ ಸುರಿಯಿರಿ. ಮೋಟರ್ ಹಾಕಿ, ಎಲ್ಲಾ ನಲ್ಲಿಯಲ್ಲೂ ವಾಸನೆ ಬರುವ ತನಕ ಬಿಟ್ಟು, ಆಮೇಲೆ ಮೋಟರ್ ಆಫ್ ಮಾಡಿ ರಾತ್ರಿಯೆಲ್ಲ ಹಾಗೇ ಇಡಿ. ಬೆಳಿಗ್ಗೆ ವಾಸನೆ ಹೋಗುವ ತನಕ ನೀರು ಹೊರಗೆ ಬಿಡಿ, ಗಿಡಗಳಿಗೆ ಬೇಡ. ಕಬ್ಬಿಣ ಇರುವ ಬೋರಿನಲ್ಲಿ ಆ ದಿನ ನೀರು ಕೆಂಪಾಗಿ ಬಂದೀತು, ಒಂದೆರಡು ದಿನದಲ್ಲಿ ಸರಿಹೋಗುತ್ತದೆ.

ಒಂದು ವಾರ ಬಿಟ್ಟು ಲ್ಯಾಬಿಗೆ ಕೊಡಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಬಗ್ಗಡ 1 ಎನ್‌ಟಿಯು (ಬಗ್ಗಡ ಅಳೆಯುವ ಮಾನ) ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 5ರ ತನಕ ನಡೆಯುತ್ತದೆ. 100 ಮಿಲಿಲೀಟರಿನಲ್ಲಿ ಇ ಕೋಲೈ ಒಂದೂ ಇರಬಾರದು. ಜೊತೆಗೆ ಗಡಸುತನ, ಕಬ್ಬಿಣ, ನೈಟ್ರೇಟ್, ಫ್ಲೋರೈಡ್ ಬರೆಸಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಫ್ಲೋರೈಡ್ ಬಿಡಲೇಬೇಡಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಾಯಿಸಿದರೂ ಹೋಗುವುದಿಲ್ಲ.

ನಮ್ಮ ರಿಪೋರ್ಟಿನಲ್ಲಿ ಬಗ್ಗಡ 1ಕ್ಕಿಂತ ಕಡಿಮೆ ಬಂತು. ಫ್ಲೋರೈಡ್ ಲೀಟರಿಗೆ 1.8 ಮಿಲಿಗ್ರಾಂ. ಮಿತಿ 1.5. ಆ ನೀರಲ್ಲಿ ಈಗ ಸ್ನಾನ, ಬಟ್ಟೆ, ತೋಟ ನಡೆಯುತ್ತಿದೆ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ.